ಇಪ್ಪತ್ತಾರು ನಂಬರಿನ ಚುಕ್ಕಿ ಆಮೆ

೧೧ ಜೂನ್ ೨೦೦೭

ಅಳತೆಗಳಿಗೆ ಬೇರೆ ಪುಸ್ತಕವಿದೆ. ಅದರಲ್ಲಿ ತೂಕ, ಉದ್ದ, ಗಂಡೋ ಹೆಣ್ಣೋ, ಎಲ್ಲಿ ಸಿಕ್ಕಿತು ಎಂಬುದನ್ನು ಮಾತ್ರ ಬರೆಯಬೇಕು. ಉಳಿದದ್ದಕ್ಕೆ ಇದನ್ನು ಇಟ್ಟುಕೊಂಡಿದ್ದೇನೆ. ಯಾರೂ ಓದಬೇಕಾಗಿಲ್ಲ.

ಇವತ್ತಿನಿಂದ ಕೆಲಸ ಶುರು. ಹೊಸಪೇಟೆಯಿಂದ ಸಂಡೂರಿಗೆ ಹೋಗುವಾಗ ಘಾಟಿ ಶುರುವಾಗುವ ಮುಂಚೆ ಎಡಕ್ಕೆ ಸಿಗುವುದು ಜಾಲಿಕಟ್ಟೆ ಗುಡ್ಡ. ಆಚೆ ಬದಿಯಲ್ಲಿ ಅದಿರು ತೆಗೆಯುತ್ತಾರೆ. ಈಚೆ ಇಳಿಜಾರಿಗೆ ಇನ್ನೂ ಯಾರೂ ಕೈ ಹಾಕಿಲ್ಲ. ಬಂಡೆ, ಕಳ್ಳಿ, ಮುಳ್ಳುಪೊದೆ, ನಡುನಡುವೆ ಒಣಹುಲ್ಲು. ಅಲ್ಲಿ ನಕ್ಷತ್ರ ಆಮೆಗಳಿವೆ. ಇಲ್ಲಿಯವರು ಚುಕ್ಕಿ ಆಮಿ ಅನ್ನುತ್ತಾರೆ. ಗಣಿಯ ಬೇಡದ ಮಣ್ಣನ್ನೆಲ್ಲ ಈ ಇಳಿಜಾರಿನಲ್ಲಿ ಸುರಿಯಲು ಅನುಮತಿ ಕೇಳಿ ಅರ್ಜಿ ಹೋಗಿದೆ. ಆಮೆಗಳು ಇಲ್ಲೇ ನೆಲೆಸಿರುವವು, ದಾರಿ ತಪ್ಪಿ ಬಂದವಲ್ಲ ಎಂದು ತೋರಿಸಿದರೆ ಅನುಮತಿ ಸಿಗುವುದಿಲ್ಲ. ಅದನ್ನು ತೋರಿಸುವ ದಾರಿ ಸರಳ: ಸಿಕ್ಕ ಆಮೆಗೆಲ್ಲ ನಂಬರ್ ಬರೆದು ಬಿಡುವುದು. ಮಳೆಗಾಲ ಮುಗಿಯುವತನಕ ಅವೇ ನಂಬರಿನವು ಮತ್ತೆ ಮತ್ತೆ ಸಿಕ್ಕರೆ, ಅವು ಇಲ್ಲಿಯವೇ.

ಬೆಂಗಳೂರಿನ ಸಂಸ್ಥೆಯೊಂದು ಈ ಕೆಲಸ ಕೊಟ್ಟಿದೆ. ಕಾಲೇಜಿನಲ್ಲಿ ನಾನು ಪ್ರಾಣಿಶಾಸ್ತ್ರದ ಅತಿಥಿ ಉಪನ್ಯಾಸಕಿ. ಈ ವರ್ಷ ಕಾಲೇಜಿನವರು ಕರೆದಿಲ್ಲ.

ಜೊತೆಗೆ ಓಬಳೇಶ ಇದ್ದಾನೆ. ಮೂವತ್ತೈದರ ಆಸುಪಾಸು. ಮೊದಲು ಲಾರಿ ಕ್ಲೀನರ್ ಆಗಿದ್ದ. ಸ್ವಂತ ಬೈಕ್ ಇದೆ. ಆಮೆಯ ಬಗ್ಗೆ ಏನೂ ಗೊತ್ತಿಲ್ಲ, ಗೊತ್ತಿದೆ ಎಂದು ಹೇಳಿಕೊಳ್ಳುವುದೂ ಇಲ್ಲ.

"ಟೀಚರ್, ಇವು ಕಚ್ತಾವೇನ್ರಿ?"

ಇಲ್ಲ ಅಂದೆ.

"ಹಂಗಾದ್ರ ಅಡ್ಡಿ ಇಲ್ಲ. ಹಿಡಿಯೋಣು ನಡ್ರಿ."

ಮೂರು ಸಿಕ್ಕವು. ಬಿಳಿ ಎನಾಮಲ್ ಬಣ್ಣದಲ್ಲಿ ಮೊದಲನೆಯದರ ಬೆನ್ನಿನ ಮೇಲೆ ನಾನೇ ಬರೆದೆ. ಓಬಳೇಶ ನಕ್ಕ. "ಡಾಕ್ಟರ್ ಚೀಟಿ ಆತಲ್ರಿ ಇದು. ಕೊಡ್ರಿ ಇಲ್ಲಿ." ಲಾರಿಗಳ ಮೇಲೆ ನಂಬರ್ ಬರೆಯುವ ಪೇಂಟರ್ ಜಂಬಪ್ಪನ ಕೈಕೆಳಗೆ ಅವನು ಒಂದಷ್ಟು ಕಾಲ ಇದ್ದವನಂತೆ. ಅವನು ಬರೆದ ಅಂಕಿಗೆ ಕೆಳಗೊಂದು ಬಾಲ, ಪಕ್ಕಕ್ಕೆ ನೆರಳಿನ ಕೆಂಪು ಗೆರೆ. ಆಮೆಯ ಬೆನ್ನು ಟಿಪ್ಪರ್ ಲಾರಿಯ ನಂಬರ್ ಪ್ಲೇಟಿನಂತೆ ಕಂಡಿತು. ದೂರದಿಂದಲೂ ಓದಬಹುದು. ಇನ್ನು ಮುಂದೆ ಅವನೇ ಬರೆಯಲಿ.

೧೪ ಜೂನ್

ಗುಡ್ಡದ ಬುಡದಲ್ಲಿ ಲಾರಿಗಳು ನಿಲ್ಲುವಲ್ಲಿ ಕೊಟ್ರಮ್ಮನ ತಗಡಿನ ಹೋಟೆಲಿದೆ. ಚಹಾ, ಮಿರ್ಚಿ ಬಜ್ಜಿ, ಮಂಡಕ್ಕಿ ಒಗ್ಗರಣೆ. ಐವತ್ತು ದಾಟಿದ ಹೆಂಗಸು, ದನಿ ರಸ್ತೆಯ ಆಚೆಗೂ ಕೇಳುತ್ತದೆ. ಚಹಾ ಕೊಟ್ಟು, "ಹೆಂಗೈತ್ರಿ ಟೀಚರ್?" ಅಂದಳು. ಸಕ್ಕರೆ ಜಾಸ್ತಿ, ಪುಡಿ ಕುದ್ದು ಕಹಿಯಾಗಿದೆ ಅಂದೆ. ಕೂತಿದ್ದ ಡ್ರೈವರುಗಳೆಲ್ಲ ನಕ್ಕರು.

"ನಗ್ರಲೇ, ನಗ್ರಿ. ಇಷ್ಟು ವರ್ಸದಾಗ ಒಬ್ಬನಾರ ಹೇಳೀರೇನು? ಟೀಚರ್ ನೋಡ್ರಿ, ಇದ್ದದ್ದು ಇದ್ದಂಗ ಹೇಳಿದ್ರು."

ಸಿಟ್ಟು ಮಾಡಿಕೊಳ್ಳಲಿಲ್ಲ. ಇನ್ನೊಂದು ಚಹಾ ಮಾಡಿದಳು. ಅದೂ ಹಾಗೇ ಇತ್ತು. ಅದನ್ನೂ ಹೇಳಿದೆ.

ಎರ್ರಿಯಪ್ಪ ಎಂಬ ಡ್ರೈವರ್ ಪರಿಚಯವಾದ. ಕಂಪ್ಲಿ ಹತ್ತಿರದ ಎಮ್ಮಿಗನೂರಿನವನು. ಕಂಪ್ಲಿ ನನ್ನ ತವರು ಎಂದು ತಿಳಿದು ಖುಷಿಪಟ್ಟ. "ಟೀಚರ್, ನಿನ್ನೆ ಮ್ಯಾಲೆ ಒಂದು ಆಮಿ ಕಂಡ್ನಿ. ಬೆನ್ನ ಮ್ಯಾಲೆ ನಂಬರ್ ಇತ್ತು. ಅದು ಯಾ ಕಂಪನೀದ್ರಿ?"

ಯಾವ ಕಂಪನಿಯದೂ ಅಲ್ಲ ಅಂದೆ.

"ಇಲ್ಲಿ ಕಲ್ಲಿಗೂ ಕಂಪನಿ ಐತ್ರಿ, ಅದಕ್ಕ ಕೇಳಿದ್ನಿ."

ಆಮೆ ಮನೆಗೆ ತಂದರೆ ಒಳ್ಳೆಯದಾಗುತ್ತದಂತೆ, ನಿಜವೇ ಎಂದು ಕೊಟ್ರಮ್ಮ ಕೇಳಿದಳು. ಆಮೆ ಯಾರಿಗೂ ಒಳ್ಳೆಯದು ಮಾಡುವುದಿಲ್ಲ, ಕೆಟ್ಟದ್ದೂ ಮಾಡುವುದಿಲ್ಲ, ಅದು ಹುಲ್ಲು ತಿನ್ನುತ್ತದೆ, ಹಿಡಿದು ಒಯ್ಯುವುದು ಕಾನೂನಿಗೆ ವಿರುದ್ಧ ಎಂದು ಹೇಳಿದೆ. ಪಾಠ ಮಾಡುವ ದನಿಯಲ್ಲೇ ಹೇಳಿದೆ ಅಂತ ಕಾಣುತ್ತದೆ. ಎಲ್ಲರೂ ಸುಮ್ಮನೆ ಕೇಳಿದರು.

೨ ಜುಲೈ

ಮಳೆ ಬಂದು ಧೂಳು ಕೆಸರಾಗಿದೆ. ಬಟ್ಟೆಯ ಕೆಂಪು ಎಷ್ಟು ಒಗೆದರೂ ಹೋಗುವುದಿಲ್ಲ. ಬಿಳಿ ದುಪಟ್ಟಾ ಹಾಕಿಕೊಳ್ಳುವುದು ಬಿಟ್ಟಿದ್ದೇನೆ. ಆದರೆ ಮಳೆ ಬಿದ್ದಾಗಲೇ ಆಮೆಗಳು ಹೊರಗೆ ಬರುವುದು, ಆದ್ದರಿಂದ ಕೆಲಸ ಚೆನ್ನಾಗಿ ನಡೆಯುತ್ತಿದೆ. ಹಳೆಯ ನಂಬರಿನವೂ ಮತ್ತೆ ಸಿಗುತ್ತಿವೆ.

ಇವತ್ತು ಒಂದು ದೊಡ್ಡ ಹೆಣ್ಣು ಸಿಕ್ಕಿತು. ಚಿಪ್ಪಿನ ಹಿಂಬದಿಯ ಅಂಚು ಯಾವಾಗಲೋ ಮುರಿದು ಗುಣವಾಗಿದೆ. ಅದಕ್ಕೆ ೨೬ ಎಂದು ಬರೆಯುವಾಗ ಓಬಳೇಶನ ಹೊಸ ಪ್ಯಾಂಟಿನ ಮೇಲೆ ಉಚ್ಚೆ ಹೊಯ್ಯಿತು.

"ಟೀಚರ್, ರೇಡಿಯೇಟರ್ ಒಡೀತ್ರಿ!"

ಬಹಳ ದಿನದ ಮೇಲೆ ನಕ್ಕೆ. ಅವನು ಸಿಟ್ಟಿಗೆ ಆರರ ಬಾಲವನ್ನು ಇನ್ನಷ್ಟು ಉದ್ದ ಎಳೆದ.

೧೯ ಜುಲೈ

ಎರ್ರಿಯಪ್ಪ ಲಾರಿ ನಿಲ್ಲಿಸಿ ಓಡುತ್ತ ಬಂದು ಹೇಳಿದ. ಬೆಳಿಗ್ಗೆ ಮಳೆಯಲ್ಲಿ ೨೬ ರಸ್ತೆ ದಾಟುತ್ತಿತ್ತಂತೆ. ಇವನು ಘಾಟಿಯಲ್ಲೇ ಬ್ರೇಕ್ ಹಾಕಿ, ಇಳಿದು, ಎತ್ತಿ ಗುಡ್ಡದ ಕಡೆ ಬಿಟ್ಟಿದ್ದಾನೆ. "ಹಿಂದಿನೋರು ಹಾರ್ನ್ ಹೊಡದು ಹೊಡದು ನಮ್ಮವ್ವನ್ನ ನೆನಸಿದ್ರು. ಲೇ, ಬಸುರಿ ಹೆಂಗಸು ದಾಟಾಕತ್ತಾಳ ತಡ್ಕೊಳ್ರಲೇ ಅಂದ್ನಿ."

ಬಸುರಿ ಎಂದು ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ನಡಿಗಿ ನೋಡಿದ್ರ ತಿಳೀತೈತಿ ಬಿಡ್ರಿ." ಸುಮ್ಮನೆ ಹೇಳಿದ್ದು. ಆದರೆ ಒಳ್ಳೆಯ ಮನುಷ್ಯ. ಅಳತೆ ಪುಸ್ತಕದಲ್ಲಿ ಬರೆದುಕೊಂಡೆ: ೨೬, ಎರಡನೇ ಬಾರಿ, ರಸ್ತೆ ಬದಿ.

೨೬ ಜುಲೈ

ಹೋಟೆಲಿನಲ್ಲಿ ಬೇರೆಯೇ ಸುದ್ದಿ. ರಸ್ತೆಯಲ್ಲಿ ಆಮೆ ಕಂಡ ದಿನ ಎರ್ರಿಯಪ್ಪ ಮಟ್ಕಾ ಚೀಟಿಯಲ್ಲಿ ೨೬ ಬರೆಸಿದ್ದನಂತೆ. ಆ ನಂಬರೇ ಬಿತ್ತಂತೆ. ಅವನೇ ಎಲ್ಲರಿಗೂ ಮಿರ್ಚಿ ಕೊಡಿಸಿದ. ನನಗೂ ಕೊಡಲು ಬಂದ. ಬೇಡ ಅಂದೆ.

ಕಾಕತಾಳೀಯ ಎಂದು ಅವರಿಗೆ ವಿವರಿಸಲು ನೋಡಿದೆ. ನೂರು ನಂಬರಿನಲ್ಲಿ ಒಂದು ಬೀಳಲೇಬೇಕು, ದಿನವೂ ಯಾರಿಗೋ ಒಬ್ಬರಿಗೆ ಬೀಳುತ್ತದೆ ಅಂದೆ. "ಅದ ನೋಡ್ರಿ ಟೀಚರ್," ಅಂದ ಒಬ್ಬ, "ಆ ಒಂದು ಯಾವ್ದು ಅಂತ ಆಮಿ ಹೇಳ್ತೈತಿ."

೨ ಆಗಸ್ಟ್

ಇಳಿಜಾರಿನ ತುಂಬ ಜನ. ಲಾರಿ ಸಾಲಿನಲ್ಲಿ ಕಾಯುವ ಕ್ಲೀನರುಗಳು, ಡ್ರೈವರುಗಳು, ಸಂಡೂರಿನಿಂದ ಬಸ್ಸು ಹತ್ತಿ ಬಂದವರು. ಪೊದೆಗೆ ಕೋಲು ಹಾಕಿ ಕೆದಕುತ್ತಾರೆ. ಆಮೆ ಸಿಕ್ಕರೆ ಎತ್ತಿ, ಒರೆಸಿ, ನಂಬರ್ ಓದುತ್ತಾರೆ. ಕೆಲವರು ಬಿಡುತ್ತಾರೆ, ಕೆಲವರು ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಬೇರೆಯವರು ಅದೇ ನಂಬರ್ ನೋಡಬಾರದಂತೆ.

ಓದಿದ ಮೇಲೆ ಯಾರೋ ೯ನ್ನು ಬೆನ್ನು ಕೆಳಗೆ ಮಾಡಿ ಬಂಡೆಯ ಮೇಲೆ ಬಿಟ್ಟು ಹೋಗಿದ್ದರು. ಬಿಸಿಲಿಗೆ ಸತ್ತಿತ್ತು.

"ದೇವ್ರು ಆಮಿ ಬೆನ್ನ ಮ್ಯಾಲೆ ಬರದಾನ ಅಂತಾರ್ರಿ," ಅಂದ ಓಬಳೇಶ.

ನೀನು ಬರೆದದ್ದಲ್ಲವೇನೋ ಅಂದೆ.

"ನಾನೂ ಹೇಳಿದ್ನಿ. ಲೇ, ಅದು ನಾನ್ ಬರದಿದ್ದಲೇ ಅಂತ. ನಿನ್ ಕೈಲೆ ದೇವ್ರು ಬರಸ್ಯಾನ ಅಂದ್ರು. ಏನ್ ಮಾತಾಡ್ತೀರಿ ಇದಕ್ಕ?"

೬ ಆಗಸ್ಟ್

ಬೆಂಗಳೂರಿಗೆ ಫೋನ್ ಮಾಡಿದೆ. ನಂಬರುಗಳನ್ನು ಅಳಿಸಿಬಿಡೋಣ ಎಂದು ಕೇಳಿದೆ. ಅಳಿಸಿದರೆ ಅದೇ ಆಮೆ ಮತ್ತೆ ಸಿಕ್ಕಿತು ಎನ್ನುವುದಕ್ಕೆ ಏನು ಆಧಾರ, ಅಕ್ಟೋಬರ್‌ವರೆಗೆ ನಂಬರ್ ಇರಲೇಬೇಕು ಅಂದರು ಸಂಸ್ಥೆಯ ಸರ್. ಅವರು ಹೇಳುವುದು ಸರಿ. ಆಧಾರವಿಲ್ಲದಿದ್ದರೆ ಇಳಿಜಾರಿಗೆ ಮಣ್ಣು ಬೀಳುತ್ತದೆ. ಆಧಾರವಿದ್ದರೆ ಆಮೆ ಚೀಲಕ್ಕೆ ಬೀಳುತ್ತದೆ.

ಗುಡ್ಡ ಕಾಯಲು ಅರಣ್ಯ ಇಲಾಖೆಯವರು ಒಬ್ಬ ವಾಚರ್‌ನನ್ನು ಹಾಕಿದ್ದಾರೆ. ಬೆಳಿಗ್ಗೆ ಅವನು ಹತ್ತಿರ ಬಂದು, ಆಚೀಚೆ ನೋಡಿ, ಮೆತ್ತಗೆ ಕೇಳಿದ: "ಇವತ್ತು ಯಾವ್ಯಾವು ಕಂಡ್ವುರಿ?"

ಅಳತೆ ಪುಸ್ತಕ ಚೀಲಕ್ಕೆ ಹಾಕಿಕೊಂಡು ಬಂದೆ.

೧೭ ಆಗಸ್ಟ್

ಕರಪತ್ರ ಹಂಚಿದೆವು. ಆಮೆ ಹಿಡಿದರೆ ಜೈಲು ಎಂದು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೆ. ಕೊಟ್ರಮ್ಮ ಅದರಲ್ಲಿ ಮಿರ್ಚಿ ಕಟ್ಟಿಕೊಡುತ್ತಿದ್ದಳು. "ಚಲೋ ಕಾಗದ ಐತ್ರಿ ಟೀಚರ್, ಎಣ್ಣಿ ಹೀರತೈತಿ."

೨೩ ಆಗಸ್ಟ್

ಬೆಳಗಿನಿಂದ ಮಧ್ಯಾಹ್ನದವರೆಗೆ ನಡೆದು ಒಂದೂ ಸಿಗಲಿಲ್ಲ.

೨೪ ಆಗಸ್ಟ್

ನಿನ್ನೆಯಂತೆಯೇ.

೩೦ ಆಗಸ್ಟ್

೨೬ ಎರ್ರಿಯಪ್ಪನ ಮನೆಯಲ್ಲಿದೆ. ಅವನೇ ಹೇಳಿದ, ನಾಚಿಕೆಯಿಂದ. ನಂಬರ್ ಬಿದ್ದ ಸುದ್ದಿ ಕೇಳಿ ಹೆಂಡತಿ ಅದೇ ಆಮೆ ಬೇಕು ಎಂದು ಹಟ ಹಿಡಿದಳಂತೆ. ಹೋದ ವಾರ ರಸ್ತೆ ಬದಿ ಮತ್ತೆ ಕಂಡಿತು, ಎತ್ತಿಕೊಂಡು ಹೋದ.

ಬೈದೆ. ನೀನೇ ಲಾರಿ ನಿಲ್ಲಿಸಿ ಉಳಿಸಿದ್ದೆಯಲ್ಲ ಅಂದೆ.

"ಮನ್ಯಾಗ ರಾಣಿ ಹಂಗ ಐತ್ರಿ. ಮೆಂತ್ಯಪಲ್ಲೆ ತಿಂತೈತಿ. ವಿರುಪಮ್ಮ ನನಗೂ ಅಷ್ಟು ಕಾಳಜಿ ಮಾಡಂಗಿಲ್ಲ. ಇದೊಂದು ತಿಂಗಳು ತಡೀರಿ, ಅಕಿಗೆ ಹೇಳಿ ತಂದ್ ಬಿಡ್ತೀನಿ."

ಅವನ ಕಣ್ಣುಗಳು ಕೆಂಪಾಗಿದ್ದವು. ನಿದ್ದೆ ಮಾಡಿದೆಯಾ ಎಂದು ಕೇಳಿದೆ. "ಮಕ್ಕೊಂಡ್ರ ಟ್ರಿಪ್ ಹೋಗ್ತಾವ್ರಿ," ಅಂದ. ಬಂದರಿನಲ್ಲಿ ಹಡಗಿಗೆ ಅದಿರು ತುಂಬುವ ಗಡಿಬಿಡಿಯಂತೆ. ಸಾಲಿನಲ್ಲಿರುವ ಎಲ್ಲರ ಕಣ್ಣೂ ಹಾಗೇ ಇವೆ.

ದೂರು ಕೊಡಬೇಕಿತ್ತು. ಕೊಡಲಿಲ್ಲ. ಅವನೊಬ್ಬನ ಮೇಲೆ ಕೊಟ್ಟರೆ ಉಳಿದವರ ಮನೆಯಲ್ಲಿರುವುದು ಬರುವುದಿಲ್ಲ.

೮ ಸೆಪ್ಟೆಂಬರ್

ಒಂದು ಗಂಡು ಸಿಕ್ಕಿತು, ೪೧. ಮಳೆ ನಿಂತ ಮೇಲೆ ಬಿಸಿಲಿನಲ್ಲಿ ಕೂತಿತ್ತು. ಅಳೆಯಲಿಲ್ಲ. ಬೇಗ ಬೇಗ ಒಯ್ದು ಮೇಲಿನ ಬಂಡೆಗಳ ಸಂದಿಯಲ್ಲಿ ಬಿಟ್ಟೆ. ಅಳೆಯುತ್ತಾ ಕೂತರೆ ಕಾಣುತ್ತಾರೆ.

ನನ್ನ ಗಂಡ ಈಶ್ವರ್‌ಗೆ ಧೂಳಿನಿಂದ ಹತ್ತಿದ ನನ್ನ ಕೆಮ್ಮಿನ ಚಿಂತೆ. ಬೆಳಿಗ್ಗೆ ಆಫೀಸಿಗೆ ಹೋಗುವ ಮುಂಚೆ ಸಂಜೆ ಡಾಕ್ಟರಲ್ಲಿಗೆ ಹೋಗೋಣ ಅಂದರು. ಸಂಜೆ ಬಂದು ಮಲಗಿಬಿಟ್ಟೆ.

೧೨ ಸೆಪ್ಟೆಂಬರ್

ಎರ್ರಿಯಪ್ಪ ಹೋದ. ಬೆಳಗಿನ ಜಾವ ಘಾಟಿಯ ಎರಡನೇ ತಿರುವಿನಲ್ಲಿ ಲಾರಿ ಮಗುಚಿದೆ.

ಓಬಳೇಶ ಹೋಗಿ ನೋಡಿ ಬಂದ. "ಬ್ರೇಕ್ ಇರ್ಲಿಲ್ಲ ಟೀಚರ್. ಲೋಡ್ ನೋಡಿದ್ರ ಡಬಲ್ ಐತಿ. ಮ್ಯಾಲೆ ನಿದ್ದಿ ಇಲ್ಲ," ಅಂದ. ಹೊರಳುವ ಮುಂಚೆ ಲಾರಿ ನೆಟ್ಟಗೆ ಹೋಗಿದೆಯಂತೆ. ತಿರುವು ಬಂದದ್ದು ಅವನಿಗೆ ಗೊತ್ತೇ ಆಗಿಲ್ಲ.

ಮಧ್ಯಾಹ್ನದ ಹೊತ್ತಿಗೆ ರಸ್ತೆ ಖಾಲಿ ಮಾಡಿ ಲಾರಿಗಳನ್ನು ಬಿಟ್ಟರು.

೧೪ ಸೆಪ್ಟೆಂಬರ್

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಹೋಟೆಲು ತುಂಬಿತ್ತು. ಎಲ್ಲರ ಮಾತೂ ಎರ್ರಿಯಪ್ಪನದೇ. ನಾನು ಚಹಾ ಹಿಡಿದು ಕೂತಿದ್ದೆ. ಕೊಟ್ರಮ್ಮ ಮಿರ್ಚಿ ಕರಿಯುವ ಜಾಲರಿ ಕೆಳಗಿಟ್ಟು ನನ್ನ ಮುಂದೆ ಬಂದು ನಿಂತಳು.

"ಟೀಚರ್, ನೀವು ಇದ್ದದ್ದು ಇದ್ದಂಗ ಹೇಳೋರು. ಎರ್ರಿಯಪ್ಪನ ಮನ್ಯಾಗ ಈ ಗುಡ್ಡದ ಆಮಿ ಇತ್ತಂತ. ಅದಕ್ಕ ಹಿಂಗಾತು ಅನ್ನಾಕತ್ತಾರ ಮಂದಿ. ಖರೇ ಏನ್ರಿ?"

ಎಲ್ಲರೂ ನನ್ನ ಕಡೆ ತಿರುಗಿದರು. ಬ್ರೇಕ್ ಎಂದು ಹೇಳಲು ಬಾಯಿ ತೆರೆದೆ. ಆಗ ಬಾಗಿಲ ಹತ್ತಿರ ಕೂತಿದ್ದವನ ಕಾಲ ಬಳಿಯ ಚೀಲ ತಾನಾಗಿ ಸ್ವಲ್ಪ ಕದಲಿತು. ಒಳಗೆ ಏನಿದೆ ಎಂದು ನನಗೆ ಗೊತ್ತಾಯಿತು.

ಖರೆ ಅಂದೆ.

ಆ ಮನುಷ್ಯ ಚಹಾ ಅರ್ಧಕ್ಕೇ ಬಿಟ್ಟು, ಚೀಲ ತೆಗೆದುಕೊಂಡು ಗುಡ್ಡದ ಕಡೆ ಹೋದ. ವಾಪಸು ಬಂದಾಗ ಚೀಲ ಮಡಚಿ ಬಗಲಲ್ಲಿಟ್ಟುಕೊಂಡಿದ್ದ.

ಬೈಕಿನಲ್ಲಿ ಬರುವಾಗ ಓಬಳೇಶ ತಿರುಗದೆಯೇ ಕೇಳಿದ: "ಟೀಚರ್, ನಾನು ಎಲ್ಲಾ ಆಮೀನೂ ಮುಟ್ಟೀನಿ. ನಂಬರ್ ಬೇರೆ ಬರದೀನಿ. ನನಗೇನೂ ಆಗಂಗಿಲ್ಲಲ್ರಿ?"

"ಇಲ್ಲೋ. ಗುಡ್ಡದಿಂದ ಹೊರಗ ಒಯ್ದೋರಿಗೆ ಮಾತ್ರ," ಅಂದೆ.

ಇದನ್ನು ಯಾವಾಗ ಯೋಚಿಸಿದ್ದೆನೋ ಗೊತ್ತಿಲ್ಲ. ಬಾಯಿಗೆ ಬಂತು. ಅವನು, "ಅಷ್ಟ ಸಾಕು ಬಿಡ್ರಿ," ಎಂದು ಗಾಡಿ ಜೋರಾಗಿ ಬಿಟ್ಟ. ಬ್ರೇಕ್ ಹೋದದ್ದನ್ನು ಕಣ್ಣಾರೆ ನೋಡಿ ಬಂದವನು ಅವನೇ.

೧೯ ಸೆಪ್ಟೆಂಬರ್

ಕೊಟ್ರಮ್ಮನ ಹೋಟೆಲಿನ ಎದುರಿನ ಬೇವಿನ ಮರದ ಕೆಳಗೆ ಸಿಮೆಂಟ್ ಚೀಲವೊಂದು ಇತ್ತು. ಬಾಯಿ ಕಟ್ಟಿರಲಿಲ್ಲ. ಒಳಗೆ ೧೪ ಮತ್ತು ೩೩. ಪಕ್ಕದಲ್ಲಿ ಒಡೆದ ತೆಂಗಿನಕಾಯಿ.

೧೪ರ ತೂಕ ಬಹಳ ಇಳಿದಿದೆ. ಆದರೂ ಬಿಟ್ಟ ತಕ್ಷಣ ಹುಲ್ಲಿಗೆ ಬಾಯಿ ಹಾಕಿತು.

೨೨ ಸೆಪ್ಟೆಂಬರ್

ಎಣ್ಣೆ ಡಬ್ಬಿಯಲ್ಲಿ ಒಂದು. ಸ್ಟೀಲ್ ಬುಟ್ಟಿಯಲ್ಲಿ ಒಂದು, ಬುಟ್ಟಿಯನ್ನೂ ಬಿಟ್ಟು ಹೋಗಿದ್ದಾರೆ. ಬಸ್ ಕಂಡಕ್ಟರ್ ಒಬ್ಬ ಬಸ್ಸು ನಿಲ್ಲಿಸಿ, "ಯಾರೋ ಸೀಟಿನ ಕೆಳಗ ಬಿಟ್ಟಾರ, ತಗೋರ್ರಿ ಜಲ್ದಿ," ಎಂದು ಕೈಗೆ ಕೊಟ್ಟು ಕೈ ಒರೆಸಿಕೊಂಡ. ವಾಚರ್ ಕೂಡ ಒಂದು ತಂದ. ಯಾರದ್ದು ಎಂದು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಇಳಿಜಾರಿನಲ್ಲಿ ಜನವಿಲ್ಲ. ಕೋಲು ಹಿಡಿದವರು ಯಾರೂ ಇಲ್ಲ. ಎಷ್ಟೋ ವಾರಗಳ ಮೇಲೆ ಬೆಳಿಗ್ಗೆಯೆಲ್ಲ ಅಳತೆ ತೆಗೆದುಕೊಂಡೆ. ಸುಸ್ತಾಗಿತ್ತು, ಆದರೆ ಬೇರೆ ಥರದ ಸುಸ್ತು.

೨೬ ಸೆಪ್ಟೆಂಬರ್

ಈಶ್ವರ್ ತುಂಗಭದ್ರಾ ಕಾಲುವೆ ಆಫೀಸಿನಿಂದ ಬರುವಾಗ ಸ್ಕೂಟರಿನ ಮುಂದಿನ ಬುಟ್ಟಿಯಲ್ಲಿ ಆಮೆ ತಂದರು. ಆಫೀಸಿನ ಜವಾನ ಕೊಟ್ಟನಂತೆ. ಟಿ.ಬಿ. ಡ್ಯಾಂವರೆಗೂ ಸುದ್ದಿ ಬಂದಿದೆ.

"ಈ ಮೂಢನಂಬಿಕಿ ಹಬ್ಬಿಸಿದೋರು ಯಾರು ಅಂತೀನಿ," ಅಂದರು ಊಟಕ್ಕೆ ಕೂತು. "ಒಬ್ಬ ಡ್ರೈವರ್ ನಿದ್ದಿ ಇಲ್ದ ಸತ್ತಾನ. ಅದನ್ನ ಬಿಟ್ಟು ಆಮಿ ಮ್ಯಾಲೆ ಹಾಕ್ತಾರ. ಲಾರಿ ಮಾಲಕರಿಗೆ ಚಲೋ ಆತು. ಪೇಪರಿಗೆ ಬರೀತೀನಿ ನಾನು."

ಈಶ್ವರ್ ಹಾಗೆಲ್ಲ ಬರೆಯುತ್ತಿರುತ್ತಾರೆ. ರಸ್ತೆ ಗುಂಡಿ, ಬೀದಿದೀಪ. ಪತ್ರಿಕೆಯವರು ಹಾಕುತ್ತಾರೆ ಕೂಡ.

ಬರೆಯಬೇಡಿ ಅಂದೆ.

"ಯಾಕ?"

"ಆಮಿ ವಾಪಸ್ ಬರಾಕತ್ತಾವಲ್ರಿ."

ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದರು. "ನೀನು ಮದುವಿ ಆದ ವಾರಕ್ಕ ನಮ್ಮವ್ವನ ಮುಂದ ಸಾರಿಗೆ ಉಪ್ಪಿಲ್ಲ ಅಂದಾಕಿ. ಈಗ ಹಿಂಗ ಮಾತಾಡ್ತೀ?"

ಮಜ್ಜಿಗೆ ಹಾಕಿದೆ.

ಲಾರಿ ಮಾಲಕರ ವಿಷಯ ನನಗೆ ಹೊಳೆದಿರಲಿಲ್ಲ. ನಿಜ, ಬ್ರೇಕಿನ ಮಾತನ್ನು ಹೋಟೆಲಿನಲ್ಲಿ ಈಗ ಯಾರೂ ಆಡುವುದಿಲ್ಲ.

೪ ಅಕ್ಟೋಬರ್

ಬೆಂಗಳೂರಿನಿಂದ ಸರ್ ಫೋನ್ ಮಾಡಿದ್ದರು. ಅಂಕಿಗಳನ್ನು ನೋಡಿ ಅವರಿಗೆ ಬಹಳ ಸಂತೋಷ. ಆಗಸ್ಟಿನಲ್ಲಿ ಮಾಯವಾದವು ಸೆಪ್ಟೆಂಬರಿನಲ್ಲಿ ಹೇಗೆ ವಾಪಸು ಬಂದವು ಎಂದು ಕೇಳಿದರು. ಜನ ತಂದುಕೊಟ್ಟರು ಅಂದೆ. ತಂದುಕೊಟ್ಟವನ್ನು ಲೆಕ್ಕಕ್ಕೆ ಸೇರಿಸಬೇಡಿ, ಬಿಟ್ಟ ಮೇಲೆ ತಾವಾಗಿ ಮತ್ತೆ ಸಿಕ್ಕವನ್ನು ಸೇರಿಸಿ ಅಂದರು. ಹಾಗೇ ಮಾಡಿದ್ದೇನೆ. ಅಷ್ಟೇ ಸಾಕಾಗುತ್ತದೆ. ಇಳಿಜಾರು ಉಳಿಯುವ ಸಂಭವ ಇದೆಯಂತೆ.

"ಜಾಗೃತಿ ಕಾರ್ಯಕ್ರಮ ಮಾಡಿದ್ರಾ? ಕರಪತ್ರ ಅಂದಿದ್ರಿ."

ಹೌದು ಸರ್ ಅಂದೆ.

"ವರದಿಯಲ್ಲಿ ಒಂದು ಪ್ಯಾರಾ ಹಾಕಿ. ಬೇರೆ ಕಡೆಗೂ ಮಾದರಿ ಆಗುತ್ತೆ."

ಹಾಕಿದೆ. 'ಸ್ಥಳೀಯರಲ್ಲಿ ಮೂಡಿಸಿದ ಅರಿವಿನ ಫಲವಾಗಿ' ಎಂದು ಶುರುವಾಗುತ್ತದೆ.

೬ ಅಕ್ಟೋಬರ್

೨೬ ಇನ್ನೂ ಬಂದಿಲ್ಲ. ಓಬಳೇಶ ಹೇಳುತ್ತಾನೆ, ಆ ಮನೆಯವರು ಯಾವ ಮುಖ ಹೊತ್ತು ಬರುತ್ತಾರೆ ಎಂದು. ನಾವೇ ಎಮ್ಮಿಗನೂರಿಗೆ ಹೋಗಿ ತರೋಣವೇ ಎಂದು ಕೇಳಿದ. ನಾಳೆ ನೋಡೋಣ ಅಂದೆ.

೯ ಅಕ್ಟೋಬರ್

ಹೋಗಲಿಲ್ಲ.

೧೩ ಅಕ್ಟೋಬರ್

ಗುಡ್ಡದಿಂದ ಇಳಿದು ಬಂದಾಗ ಹೋಟೆಲಿನ ಹೊರಗಿನ ಕಲ್ಲಿನ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಮಡಿಲಲ್ಲಿ ಬಿದಿರಿನ ಬುಟ್ಟಿ,  ಮೇಲೆ ಹಳೇ ಸೀರೆಯ ತುಂಡು. ಮೂವತ್ತು ಆಗಿರಲಿಕ್ಕಿಲ್ಲ. ಕೊಟ್ರಮ್ಮ ಪಕ್ಕದಲ್ಲಿ ನಿಂತಿದ್ದಳು, ಎಂದಿನಂತೆ ಜೋರಾಗಿ ಅಲ್ಲ, ಮೆತ್ತಗೆ ಹೇಳಿದಳು: "ವಿರುಪಮ್ಮ ಅಂತ್ರಿ. ಎರ್ರಿಯಪ್ಪನ ಮನಿಯಾಕಿ."

ಅವಳು ಎದ್ದು ನಿಂತಳು. ಬುಟ್ಟಿಯ ಬಟ್ಟೆ ತೆಗೆದಳು. ೨೬. ಬೆನ್ನಿಗೆ ಅರಿಶಿನ, ಕುಂಕುಮ. ಕೆಳಗೆ ಓಬಳೇಶನ ಕೆಂಪು ನೆರಳಿನ ಗೆರೆ ಹಾಗೇ ಇದೆ. ಮೈ ತುಂಬಿಕೊಂಡಿದೆ. ಚೆನ್ನಾಗಿ ನೋಡಿಕೊಂಡಿದ್ದಾಳೆ.

"ಅವ್ರು ಹೋಗಿ ತಿಂಗಳ ಆತು, ಅದಕ್ಕ ಬಂದ್ನಿ. ಅತ್ತಿ ಕಾಲವಿಗೆ ಒಗದು ಬಾ ಅಂದ್ಲು. ಮನಸಾಗಲಿಲ್ರಿ."

ಒಳ್ಳೆಯದು ಮಾಡಿದೆ ಅಂದೆ. ಬುಟ್ಟಿ ತೆಗೆದುಕೊಳ್ಳಲು ಕೈ ಚಾಚಿದೆ. ಅವಳು ಬಿಡಲಿಲ್ಲ.

"ನಾನ ತರಸಿದ್ದು ಟೀಚರ್. ಅವ್ರು ಬ್ಯಾಡ ಬ್ಯಾಡ ಅಂದ್ರು. ಗುಡ್ಡದ ಕಡೆ ಬಿಟ್ಟು ಬಂದೀನಿ, ಅದರ ಪಾಡಿಗೆ ಇರಲಿ ಬಿಡು ಅಂದ್ರು. ನಾನ ಹಟ ಹಿಡದ್ನಿ. ಎರಡು ದಿನ ಮಾತು ಬಿಟ್ನಿ." ಅಳುತ್ತಿರಲಿಲ್ಲ. ಅತ್ತು ಮುಗಿದವರ ದನಿ. "ನಾನ ಕೊಂದಂಗಾತಲ್ರಿ."

ಕೊಟ್ರಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಒಳಗೆ ನಾಲ್ಕೈದು ಡ್ರೈವರುಗಳು ಕೂತಿದ್ದರು.

ವಿರುಪಮ್ಮನನ್ನು ಕರೆದುಕೊಂಡು ಗುಡ್ಡದ ಕಡೆ ನಡೆದೆ. ಓಬಳೇಶನಿಗೆ ಅಲ್ಲೇ ಇರು ಅಂದೆ. ಮಾತು ಹೋಟೆಲಿಗೆ ಕೇಳದಷ್ಟು ದೂರ ಬಂದ ಮೇಲೆ ಬಂಡೆಯ ಮೇಲೆ ಕೂರಿಸಿ ಹೇಳಿದೆ. ಆಮೆಗೂ ಅದಕ್ಕೂ ಏನೂ ಸಂಬಂಧ ಇಲ್ಲ. ಲಾರಿಗೆ ಬ್ರೇಕ್ ಇರಲಿಲ್ಲ, ಓಬಳೇಶ ಕಣ್ಣಿಂದ ನೋಡಿದ್ದಾನೆ. ಎರಡು ಲಾರಿಯ ಲೋಡು ಒಂದರಲ್ಲಿತ್ತು. ನಿನ್ನ ಗಂಡ ಎಷ್ಟೋ ರಾತ್ರಿಗಳಿಂದ ಮಲಗಿರಲಿಲ್ಲ, ನಾನೇ ಅವನ ಕಣ್ಣು ನೋಡಿದ್ದೆ, ಕೇಳಿಯೂ ಇದ್ದೆ. ಆಮೆಯಿಂದ ಹೀಗಾಯಿತು ಎಂದು ಹೋಟೆಲಿನಲ್ಲಿ ಹೇಳಿದವಳು ನಾನೇ. ಅದು ಸುಳ್ಳು. ಮಂದಿ ಆಮೆಗಳನ್ನು ವಾಪಸ್ ಬಿಡಲಿ ಎಂದು ಹೇಳಿದೆ.

ಇಷ್ಟನ್ನೂ ಹೇಳಿದೆ, ಒಂದನ್ನೂ ಬಿಡದೆ. ಅವಳು ತಲೆ ಬಗ್ಗಿಸಿ ಕೇಳಿದಳು. ಬೆರಳಿನಿಂದ ಆಮೆಯ ಮುರಿದ ಅಂಚನ್ನು ಸವರುತ್ತಿದ್ದಳು.

ಆಮೇಲೆ ತಲೆ ಎತ್ತಿದಳು.

"ನೀವು ಸುಳ್ಳು ಹೇಳೋರಲ್ಲ ಅಂತ ಕೊಟ್ರಮ್ಮ ಹೇಳಿದ್ಲು. ನನ್ನ ಸಲುವಾಗಿ ಇವತ್ತು ಹೇಳಿದ್ರಿ. ಭಾಳ ದೊಡ್ಡ ಮನಸು ನಿಮ್ದು."

ಅಲ್ಲ ವಿರುಪಮ್ಮ, ಇದೇ ಖರೆ ಅಂದೆ. ತೋಳು ಹಿಡಿದು ಅಲುಗಿಸಿದೆ. ಓಬಳೇಶನನ್ನು ಕರೆಯುತ್ತೇನೆ, ಅವನನ್ನೇ ಕೇಳು ಅಂದೆ.

"ಇರ್ಲಿ ಬಿಡ್ರಿ," ಅಂದಳು, ನನ್ನನ್ನೇ ಸಮಾಧಾನ ಮಾಡುವ ಹಾಗೆ. "ಇದನ್ನ ಎಲ್ಲಿ ಬಿಡ್ಬೇಕು ತೋರಸ್ರಿ."

ಮೊದಲು ಸಿಕ್ಕಿದ ಜಾಗಕ್ಕೆ ಕರೆದುಕೊಂಡು ಹೋದೆ. ಅವಳೇ ಎತ್ತಿ ಕೆಳಗಿಟ್ಟಳು. ೨೬ ತಲೆ ಕಾಲು ಒಳಗೆ ಎಳೆದುಕೊಂಡು ಕಲ್ಲಿನಂತೆ ಇತ್ತು. ಕಾದೆವು. ಗುಡ್ಡದ ಆಚೆ ಸಿಡಿಮದ್ದು ಹಾರಿಸಿದರು. ನೆಲ ನಡುಗಿತು. ಅದು ನಿಂತ ಮೇಲೆ ಆಮೆ ಮೆಲ್ಲಗೆ ತಲೆ ಹೊರಗೆ ಹಾಕಿತು, ಎದ್ದು, ಪೊದೆಯ ಕಡೆ ನಡೆಯಿತು.

"ತಿರುಗಿ ನೋಡ್ಲಿಲ್ಲ ನೋಡ್ರಿ," ಅಂದಳು ವಿರುಪಮ್ಮ. "ಸಿಟ್ಟು ಇನ್ನೂ ಐತಿ."

ಅವು ಹಾಗೆ ತಿರುಗಿ ನೋಡುವುದಿಲ್ಲ ಎಂದು ಹೇಳಬೇಕಿತ್ತು. ನನ್ನ ಮಾತಿನಿಂದ ಇನ್ನೇನೂ ಆಗುವಂತಿರಲಿಲ್ಲ.

ಕೆಳಗೆ ಬಂದಾಗ ಕೊಟ್ರಮ್ಮ ಇಬ್ಬರಿಗೂ ಚಹಾ ತಂದಳು. ವಿರುಪಮ್ಮ ಎರಡು ಗುಟುಕು ಕುಡಿದು ಲೋಟ ಇಟ್ಟಳು. ಕಂಪ್ಲಿ ಬಸ್ಸಿಗೆ ಹೊಸಪೇಟೆವರೆಗೆ ಓಬಳೇಶ ಬೈಕಿನಲ್ಲಿ ಬಿಟ್ಟುಬರಲು ಹೋದ. ಖಾಲಿ ಬುಟ್ಟಿಯನ್ನು ಅವಳು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

ನಾನು ಲೋಟ ಹಿಡಿದು ಅಲ್ಲೇ ಇದ್ದೆ. ಕೊಟ್ರಮ್ಮ ಬಂದು ಎದುರು ಕೂತಳು.

"ಹೆಂಗೈತ್ರಿ ಚಾ?"

ಚಲೋ ಐತಿ ಅಂದೆ.